ಎರಡು ಸಲ ಅರಳುವ ಹೂವು

ದಾಲ್ಚಿನ್ನಿಯ ಚಕ್ಕೆಯನ್ನು, ಪಲಾವಿಗೆ ಹಾಕುವ ಎಲೆಯನ್ನು, ಕರ್ಪೂರವನ್ನು, ಬೆಣ್ಣೆಹಣ್ಣನ್ನು ಬಲ್ಲವರು ಅನೇಕರಿದ್ದರೂ ಈ ನಾಲ್ಕೂ ಒಂದೇ ಸಸ್ಯಕುಟುಂಬದ ಕೊಡುಗೆಗಳೆಂಬುದನ್ನು ಗಮನಿಸಿದವರು ಕಡಿಮೆ. ಆ ಕುಟುಂಬದ ಮರಗಳು ಬಿಡುವ ಹೂವನ್ನು ಹತ್ತಿರದಿಂದ ನೋಡಿದವರಂತೂ ಇನ್ನೂ ಕಡಿಮೆ. ಸಸ್ಯವಿಜ್ಞಾನಿಗಳು ಲಾರೇಸಿ ಎಂದು ಕರೆಯುವ ಈ ಕುಟುಂಬದಲ್ಲಿ ಸುಮಾರು 50 ಜಾತಿಗಳೂ ಎರಡೂವರೆಯಿಂದ ಮೂರು ಸಾವಿರದಷ್ಟು ಪ್ರಭೇದಗಳೂ ಇದ್ದು, ಅವುಗಳಲ್ಲಿ ಹೆಚ್ಚಿನವು ಉಷ್ಣವಲಯದ ನಿತ್ಯಹರಿದ್ವರ್ಣ ಕಾಡಿನ ಮರಗಳಾಗಿವೆ. ಪಶ್ಚಿಮಘಟ್ಟದ ಕಾಡುದಾಲ್ಚಿನ್ನಿ, ಅಗರಬತ್ತಿಗೆ ಅಂಟುಪುಡಿಯನ್ನು ಒದಗಿಸುವ ಗುಳಮಾವು, ಲಿಟ್ಸಿಯಾ, ಆಕ್ಟಿನೋಡ್ಯಾಫ್ನೆ, ಕ್ರಿಪ್ಟೋಕಾರ್ಯ ಮೊದಲಾದವು ಇದೇ ಬಳಗಕ್ಕೆ ಸೇರಿದವು. ತೊಗಟೆಗಾಗಿ, ಎಲೆಗಾಗಿ, ಹಣ್ಣಿಗಾಗಿ ಹೆಸರಾದ ಈ ಮರಗಳ ಹೂವು ಅರ್ಧ ಸೆಂಟಿಮೀಟರಿನಿಂದ ಒಂದು ಸೆಂಟಿಮೀಟರಿನಷ್ಟು ಅಗಲದ, ಮಾಸಲು ಬಿಳಿ ಅಥವಾ ಹಸಿರುಹಳದಿ ಬಣ್ಣದ, ಯಾರೂ ಮುಡಿಯದ ಹೂವು. ದಾಲ್ಚಿನ್ನಿಯ ಚಕ್ಕೆಗಿರುವ ಪರಿಮಳವೂ ಅದರ ಹೂವಿಗಿಲ್ಲ. ಹೂವಿನ ವಾಸನೆ ಹಿತಕರವಲ್ಲವೆಂದೇ ಹಲವರು ದಾಖಲಿಸಿದ್ದಾರೆ. ಹೀಗಿದ್ದರೂ ಹೂವಿನ ರಚನೆ ಮತ್ತು ಬೆಳವಣಿಗೆಯನ್ನು ಅಭ್ಯಸಿಸುವವರಿಗೆ ಈ ಪುಟ್ಟ ಹೂವಿನಷ್ಟು ವಿಷಯ ಒದಗಿಸಿದ ಹೂವುಗಳು ವಿರಳ.

ಮೊದಲಿಗೆ ರಚನೆಯನ್ನು ನೋಡಬೇಕು. ದಾಲ್ಚಿನ್ನಿಯ ಒಂದು ಹೂವನ್ನು ಕೈಮಸೂರದ ಕೆಳಗಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ಮೂರರ ಲೆಕ್ಕ. ದಾಸವಾಳದಂಥ ಹೂವಿನಲ್ಲಿ ಹೊರಗಡೆ ಹಸಿರು ಪುಷ್ಪಪತ್ರಗಳೂ ಒಳಗಡೆ ಬಣ್ಣದ ಪುಷ್ಪದಳಗಳೂ ಬೇರೆಬೇರೆಯಾಗಿ ಎದ್ದು ಕಾಣುತ್ತವೆಯಷ್ಟೆ; ಇಲ್ಲಿ ಆ ಭೇದವಿಲ್ಲ. ಹೊರಗಿನ ಸುತ್ತಿನಲ್ಲಿ ಮೂರು, ಒಳಗಿನ ಸುತ್ತಿನಲ್ಲಿ ಮೂರು, ಹೀಗೆ ಬಹುಪಾಲು ಒಂದೇ ಬಗೆಯ ಆರು ಎಸಳುಗಳಿರುತ್ತವೆ. ಪತ್ರವೆಂದೂ ದಳವೆಂದೂ ವಿಂಗಡಿಸಲಾಗದ ಇಂಥ ಎಸಳುಗಳಿಗೆ ಸಸ್ಯವಿಜ್ಞಾನದಲ್ಲಿ ಟೆಪಲ್ ಎಂಬ ಪ್ರತ್ಯೇಕ ಹೆಸರಿದೆ. ಅವುಗಳ ಒಳಗೆ ಕೇಸರಗಳು, ಅಂದರೆ ಪರಾಗವನ್ನು ಉತ್ಪಾದಿಸುವ ಗಂಡು ಅಂಗಗಳು, ಮತ್ತೆ ಮೂರುಮೂರರಂತೆ ನಾಲ್ಕು ಸುತ್ತುಗಳಲ್ಲಿ ನಿಂತಿರುತ್ತವೆ. ಮೊದಲ ಮೂರು ಸುತ್ತುಗಳ ಒಂಬತ್ತು ಕೇಸರಗಳಲ್ಲಿ ಪರಾಗವಿರುತ್ತದೆ. ನಾಲ್ಕನೆಯ ಸುತ್ತಿನ ಮೂರರಲ್ಲಿ ಇರುವುದಿಲ್ಲ. ಈ ಕಡೆಯ ಮೂರನ್ನು ಬಂಜೆ ಕೇಸರಗಳೆಂದು ಕರೆಯುವುದು ವಾಡಿಕೆ. ಎಲ್ಲದರ ನಡುವೆ ಒಂದೇ ಒಂದು ಅಂಡಾಶಯ, ಅದರ ಮೇಲೊಂದು ಗಿಡ್ಡ ನಳಿಕೆ, ತುದಿಯಲ್ಲಿ ಪರಾಗವನ್ನು ಬರಮಾಡಿಕೊಳ್ಳುವ ಶಲಾಕಾಗ್ರ. ಅಂಡಾಶಯದೊಳಗೆ ಮೇಲ್ಭಾಗದಿಂದ ಕೆಳಕ್ಕೆ ಇಳಿಬಿದ್ದ ಒಂದೇ ಅಂಡಕವಿರುತ್ತದೆ. ಹೂವು ಫಲಿಸಿದರೆ ಸಿಗುವುದು ಒಂದು ಬೀಜ ಮಾತ್ರ.

ಒಂಬತ್ತು ಕೇಸರಗಳೆಂಬುದು ಹೂವುಗಳ ಲೋಕದಲ್ಲಿ ಅಪರೂಪದ ಸಂಖ್ಯೆ. ಕೇಸರಗಳ ಸಂಖ್ಯೆಯನ್ನೇ ಆಧಾರವಾಗಿಟ್ಟುಕೊಂಡು ಸಸ್ಯಗಳನ್ನು ವರ್ಗೀಕರಿಸಿದ ಲಿನೇಯಸ್ 1753ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಲಾರಸ್ ಜಾತಿಗೆ ಒಂಬತ್ತು ಕೇಸರಗಳ ವರ್ಗದಲ್ಲಿ ಸ್ಥಾನ ಕೊಟ್ಟ. ದಾಲ್ಚಿನ್ನಿ, ಕರ್ಪೂರದ ಮರ, ಬೆಣ್ಣೆಹಣ್ಣಿನ ಮರ ಮೂರನ್ನೂ ಅದೇ ಜಾತಿಯಲ್ಲಿ ಸೇರಿಸಿದ. ಅವನ ವರ್ಗೀಕರಣ ಕೃತಕವಾದುದೆಂದು ಮುಂದಿನವರು ಕೈಬಿಟ್ಟರೂ, ಈ ಮೂರು ಮರಗಳು ಒಂದೇ ಮನೆತನದವು ಎಂಬ ಅವನ ಎಣಿಕೆ ಮಾತ್ರ ಇಂದಿಗೂ ನಿಂತಿದೆ.

ಕೇಸರಗಳ ನಿಜವಾದ ವೈಶಿಷ್ಟ್ಯವಿರುವುದು ಅವು ಬಿರಿಯುವ ಬಗೆಯಲ್ಲಿ. ಬಹುತೇಕ ಹೂವುಗಳಲ್ಲಿ ಪರಾಗಕೋಶವು ಉದ್ದಕ್ಕೆ ಸೀಳಿ ಪರಾಗವನ್ನು ಹೊರಚೆಲ್ಲುತ್ತದೆ. ದಾಲ್ಚಿನ್ನಿಯ ಪರಾಗಕೋಶದಲ್ಲಿ ಸೀಳು ಉಂಟಾಗುವುದಿಲ್ಲ. ಅಲ್ಲಿ ಮೇಲೆರಡು ಕೆಳಗೆರಡರಂತೆ ನಾಲ್ಕು ಗೂಡುಗಳಿದ್ದು, ಪ್ರತಿಯೊಂದು ಗೂಡಿಗೂ ಒಂದೊಂದು ಕದವಿರುತ್ತದೆ. ಪರಾಗ ಬಲಿತಾಗ, ಗೂಡಂಗಡಿಯ ಮುಂದಿನ ಹಲಗೆಯನ್ನು ಬೆಳಗ್ಗೆ ಕೆಳಗಿನಿಂದ ಎತ್ತಿ ನಿಲ್ಲಿಸುವಂತೆ, ಈ ಕದದ ಕೆಳಅಂಚು ಬಿಟ್ಟುಕೊಂಡು ಮೇಲಕ್ಕೆ ಮಡಚಿಕೊಳ್ಳುತ್ತದೆ. ಗೂಡಿನೊಳಗಿದ್ದ ಅಂಟಂಟಾದ ಪರಾಗವು ಉದುರದೆ, ಮೇಲೆದ್ದ ಕದದ ಒಳಮೈಗೆ ಮುದ್ದೆಯಾಗಿ ಕಚ್ಚಿಕೊಂಡು ಹೂವಿಗೆ ಬಂದ ಕೀಟದ ಮೈಗೆ ತಾಗುವ ಎತ್ತರದಲ್ಲಿ ನಿಲ್ಲುತ್ತದೆ. ಕ್ರಿಪ್ಟೋಕಾರ್ಯದಂಥ ಕೆಲವು ಜಾತಿಗಳಲ್ಲಿ ನಾಲ್ಕರ ಬದಲು ಎರಡೇ ಕದಗಳಿರುತ್ತವೆ. ಇಂಥದೇ ಕದದ ವ್ಯವಸ್ಥೆ ಇವುಗಳಿಗೆ ಹತ್ತಿರದ ನಂಟಿಲ್ಲದ ಮರದರಿಶಿನದ ಹೂವಿನಲ್ಲಿಯೂ ಇರುವುದರಿಂದ, ಪ್ರಕೃತಿಯಲ್ಲಿ ಈ ಉಪಾಯ ಒಂದಕ್ಕಿಂತ ಹೆಚ್ಚು ಸಲ ಹುಟ್ಟಿಕೊಂಡಿತೆಂದು ತಿಳಿಯಬೇಕಾಗುತ್ತದೆ. ಕದಗಳು ತೆರೆಯುವ ದಿಕ್ಕಿನಲ್ಲಿಯೂ ಒಂದು ಕ್ರಮವಿದೆ: ಹೊರಗಿನ ಎರಡು ಸುತ್ತುಗಳ ಆರು ಕೇಸರಗಳು ಹೂವಿನ ಒಳಮುಖಕ್ಕೆ ತೆರೆದುಕೊಂಡರೆ ಮೂರನೆಯ ಸುತ್ತಿನ ಮೂರು ಹೊರಮುಖಕ್ಕೆ ತೆರೆದುಕೊಳ್ಳುತ್ತವೆ. ಹೀಗೆ ಪರಾಗದ ಕದಗಳು ಪರಸ್ಪರ ಎದುರುಬದುರಾಗುತ್ತವೆ, ನಡುವಿನ ಇಕ್ಕಟ್ಟಿನ ಹಾದಿಯಲ್ಲಿ ಮಕರಂದಕ್ಕಾಗಿ ತಲೆ ತೂರಿಸುವ ನೊಣಕ್ಕೋ ಜೇನುಹುಳಕ್ಕೋ ಎರಡೂ ಕಡೆಯಿಂದ ಪರಾಗ ಮೆತ್ತಿಕೊಳ್ಳುತ್ತದೆ.

ಆ ಮಕರಂದವನ್ನು ಒಸರುವ ಗ್ರಂಥಿಗಳ ಮೂಲ ಯಾವುದು ಎಂಬ ಪ್ರಶ್ನೆ ಸಸ್ಯವಿಜ್ಞಾನಿಗಳನ್ನು ಬಹುಕಾಲ ವಾದಕ್ಕೆ ಎಳೆದಿದೆ. ಮೂರನೆಯ ಸುತ್ತಿನ ಪ್ರತಿಯೊಂದು ಕೇಸರದ ಬುಡದಲ್ಲಿ, ಎಡಕ್ಕೊಂದು ಬಲಕ್ಕೊಂದರಂತೆ, ಕಿತ್ತಳೆ ಅಥವಾ ಹಳದಿ ಬಣ್ಣದ ಎರಡು ಪುಟ್ಟ ಗ್ರಂಥಿಗಳಿರುತ್ತವೆ. ಒಟ್ಟು ಆರಿರುವ ಈ ಗ್ರಂಥಿಗಳು ಹಿಂದೊಮ್ಮೆ ಸ್ವತಂತ್ರ ಕೇಸರಗಳಾಗಿದ್ದು ಕಾಲಾಂತರದಲ್ಲಿ ಕುಗ್ಗಿದವು ಎಂಬುದು ಒಂದು ಪಕ್ಷ. ಅವು ಕೇಸರದಂಡದಿಂದಲೇ ಹೊರಟ ಉಪಾಂಗಗಳು ಎಂಬುದು ಇನ್ನೊಂದು ಪಕ್ಷ. ಹೂವಿನ ಒಳಗಿನ ನಾಳಗಳ ಹಾದಿಯನ್ನು ಹಿಡಿದು ಇಂಥ ಪ್ರಶ್ನೆಗಳನ್ನು ಬಿಡಿಸಲು ಯತ್ನಿಸಿದವರಲ್ಲಿ ಭಾರತದ ಆರ್. ಎಲ್. ಎನ್. ಶಾಸ್ತ್ರಿ ಅವರ ಹೆಸರು ಮುಖ್ಯವಾದುದು. 1952ರಲ್ಲಿ ಒಂದು ಬಗೆಯ ಕಾಡುದಾಲ್ಚಿನ್ನಿ ಮತ್ತು ಇದೇ ಕುಟುಂಬದ ಕಸೈಥ ಬಳ್ಳಿಯ ಹೂವುಗಳ ಅಂಗರಚನೆಯಿಂದ ಆರಂಭಿಸಿ 1965ರವರೆಗೆ ಅವರು ಪ್ರಕಟಿಸಿದ ಲೇಖನಮಾಲೆಯನ್ನು ಈ ಕುಟುಂಬದ ಹೂವಿನ ಬಗ್ಗೆ ಬರೆಯುವವರು ಈಗಲೂ ಉಲ್ಲೇಖಿಸುತ್ತಾರೆ. ಮುಂದೆ ಮೊಗ್ಗಿನ ಎಳೆಯ ಹಂತಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಲು ಸಾಧ್ಯವಾದಾಗ, ಗ್ರಂಥಿಗಳು ಕೇಸರದ ಜೊತೆಗೇ ಹುಟ್ಟದೆ, ಕೇಸರವು ಸಾಕಷ್ಟು ರೂಪುಗೊಂಡ ಬಳಿಕ ಅದರ ಬುಡದಲ್ಲಿ ತಡವಾಗಿ ಮೂಡುವುದು ಕಂಡುಬಂದಿತು. ಇದು ಉಪಾಂಗವೆನ್ನುವ ಪಕ್ಷಕ್ಕೆ ಬಲ ತಂದಿತು, ಆದರೆ ತಡವಾಗಿ ಹುಟ್ಟುವುದೊಂದನ್ನೇ ಹಿಡಿದು ಒಂದು ಅಂಗದ ಪೂರ್ವಚರಿತ್ರೆಯನ್ನು ನಿರ್ಧರಿಸುವುದು ಆತುರದ ಕೆಲಸವಾದೀತು.

ಮೊಗ್ಗಿನೊಳಗೆ ಅಂಗಗಳು ಮೂಡುವ ಕ್ರಮವೇ ಇಲ್ಲಿ ಹೇಳಬೇಕಾದ ಮುಂದಿನ ಸಂಗತಿ. ಹೂವಿನ ತೊಟ್ಟಿನ ತುದಿಯಲ್ಲಿ ಸತತವಾಗಿ ವಿಭಜಿಸುವ ಜೀವಕೋಶಗಳ ಸಣ್ಣ ಗುಬ್ಬಿಯೊಂದಿರುತ್ತದೆ. ಅದರ ಅಂಚಿನಲ್ಲಿ ಮೊದಲು ಹೊರಸುತ್ತಿನ ಎಸಳುಗಳು, ಅನಂತರ ಒಳಸುತ್ತಿನವು, ಆಮೇಲೆ ಕೇಸರಗಳ ಸುತ್ತುಗಳು ಒಂದರ ಒಳಗೊಂದರಂತೆ ಉಬ್ಬುಗಳಾಗಿ ಮೂಡುತ್ತವೆ. ಕೊನೆಗೆ ಉಳಿದ ನಡುಭಾಗ ಅಂಡಾಶಯವಾಗುತ್ತದೆ. ಅರಳಿದ ಹೂವಿನಲ್ಲಿ ಒಂದು ಸುತ್ತಿನ ಮೂರೂ ಅಂಗಗಳು ಸರಿಸಮನಾಗಿ ಕಂಡರೂ ಮೊಗ್ಗಿನಲ್ಲಿ ಅವು ಏಕಕಾಲಕ್ಕೆ ಹುಟ್ಟುವುದಿಲ್ಲ. ಮೊದಲನೆಯದು, ಸ್ವಲ್ಪ ತಡೆದು ಎರಡನೆಯದು, ಮತ್ತೆ ಮೂರನೆಯದು ಎಂಬಂತೆ ಸುರುಳಿಯ ಜಾಡು ಆರಂಭದ ಹಂತಗಳಲ್ಲಿ ಕಾಣುತ್ತದೆ. ಸಂಪಿಗೆಯಂಥ ಪ್ರಾಚೀನ ವಂಶದ ಹೂವುಗಳಲ್ಲಿ ಕೇಸರಗಳು ಸುರುಳಿಯಾಗಿ ಜೋಡಣೆಗೊಂಡಿರುವುದು ಗೊತ್ತಿರುವ ವಿಷಯ. ಲಾರೇಸಿಯ ದೂರದ ಬಂಧುವೇ ಆದ ಆ ಮರದ ಹೂವಿಗೂ ಸುತ್ತುಸುತ್ತಾಗಿ ಅಂಗಗಳಿರುವ ಹೂವಿಗೂ ನಡುವಿನ ಅಂತರ ಎಣಿಸಿದಷ್ಟು ದೊಡ್ಡದಲ್ಲವೆಂದು ಈ ಮೊಗ್ಗುಗಳು ತೋರಿಸುತ್ತವೆ.

ಅಂಗಗಳಿಗೆ ಅವುಗಳ ಗುರುತನ್ನು ಕೊಡುವ ಜೀನುಗಳ ಅಧ್ಯಯನದಲ್ಲಿಯೂ ಬೆಣ್ಣೆಹಣ್ಣಿನ ಹೂವು ಅನಿರೀಕ್ಷಿತ ಉತ್ತರವನ್ನು ಕೊಟ್ಟಿತು. 1991ರಲ್ಲಿ ಎನ್ರಿಕೊ ಕೋಯೆನ್ ಮತ್ತು ಎಲಿಯಟ್ ಮೆಯರೊವಿಟ್ಜ್ ಎಂಬ ವಿಜ್ಞಾನಿಗಳು, ಸಾಸಿವೆಯ ಬಂಧುವಾದ ಅರಾಬಿಡಾಪ್ಸಿಸ್ ಮತ್ತು ತೋಟದ ಸ್ನ್ಯಾಪ್‌ಡ್ರ್ಯಾಗನ್ ಗಿಡಗಳನ್ನು ಆಧರಿಸಿ, ಹೂವಿನ ಅಂಗಗಳನ್ನು ಎ, ಬಿ, ಸಿ ಎಂಬ ಮೂರು ಗುಂಪಿನ ಜೀನುಗಳು ನಿರ್ಧರಿಸುತ್ತವೆಂಬ ಮಾದರಿಯನ್ನು ಮುಂದಿಟ್ಟರು. ಅದರಂತೆ ಎ ಒಂದೇ ಇದ್ದಲ್ಲಿ ಪುಷ್ಪಪತ್ರ, ಎ ಮತ್ತು ಬಿ ಕೂಡಿದಲ್ಲಿ ಪುಷ್ಪದಳ, ಬಿ ಮತ್ತು ಸಿ ಕೂಡಿದಲ್ಲಿ ಕೇಸರ, ಸಿ ಒಂದೇ ಇದ್ದಲ್ಲಿ ಅಂಡಾಶಯ ರೂಪುಗೊಳ್ಳುತ್ತದೆ. ಒಂದರ ಎಲ್ಲೆ ಮುಗಿಯುವಲ್ಲಿ ಇನ್ನೊಂದರ ಎಲ್ಲೆ ಸ್ಪಷ್ಟವಾಗಿ ಆರಂಭವಾಗುತ್ತದೆ. ಬೆಣ್ಣೆಹಣ್ಣಿನ ಹೂವಿನಲ್ಲಿ ಈ ಎಲ್ಲೆಗಳು ಅಷ್ಟು ಖಚಿತವಾಗಿಲ್ಲವೆಂದು ಆಂದ್ರೆ ಚಂದರ್‌ಬಾಲಿ ಮತ್ತು ಸಂಗಡಿಗರು 2006ರಲ್ಲಿಯೂ ಅನಂತರವೂ ಪ್ರಕಟಿಸಿದ ಅಧ್ಯಯನಗಳಲ್ಲಿ ತೋರಿಸಿದರು. ಕೇಸರಕ್ಕೂ ಅಂಡಾಶಯಕ್ಕೂ ಮೀಸಲೆಂದು ಭಾವಿಸಲಾಗಿದ್ದ ಸಿ ಗುಂಪಿನ ಜೀನುಗಳು ಇಲ್ಲಿ ಎಸಳುಗಳಲ್ಲಿಯೂ ಚಟುವಟಿಕೆಯಿಂದಿದ್ದವು. ಒಂದು ಸುತ್ತಿನ ಜೀನುಗಳ ಪ್ರಭಾವ ಪಕ್ಕದ ಸುತ್ತಿಗೆ ಸರಿಯುತ್ತ ಕ್ರಮೇಣ ಕ್ಷೀಣಿಸುವುದರಿಂದಲೇ ಎಸಳುಗಳು ಪತ್ರವೂ ಆಗದೆ ದಳವೂ ಆಗದೆ ನಡುವೆ ಉಳಿದಿವೆ ಎಂಬ ವಿವರಣೆ ಇದರಿಂದ ಬಲಗೊಂಡಿತು. ಈ ಮರಗಳ ಎಸಳುಗಳು ಮೂಲತಃ ಕೇಸರಗಳಿಂದಲೇ ಬಂದಿರಬಹುದೆಂಬ ಊಹೆಗೂ ಇಲ್ಲಿಯೇ ಆಧಾರ ಸಿಕ್ಕಿತು. ಪಠ್ಯಪುಸ್ತಕಗಳಲ್ಲಿ ಎಬಿಸಿ ಮಾದರಿಯನ್ನು ಎಲ್ಲ ಹೂವುಗಳಿಗೂ ಅನ್ವಯಿಸುವ ನಿಯಮದಂತೆ ಬೋಧಿಸುವ ಅಭ್ಯಾಸವಿದೆ. ಅದು ಈಚಿನ ವಂಶದ ಕೆಲವು ಹೂವುಗಳನ್ನು ನೋಡಿ ಕಟ್ಟಿದ ಮಾದರಿ ಎಂಬ ಮಾತನ್ನೂ ಜೊತೆಗೆ ಸೇರಿಸುವುದು ನ್ಯಾಯ.

ಇಲ್ಲಿಯವರೆಗೆ ವಿವರಿಸಿದ ಅಂಗಗಳೆಲ್ಲ ಯಾವ ಹೊತ್ತಿನಲ್ಲಿ ಕೆಲಸ ಮಾಡುತ್ತವೆಂಬುದನ್ನು ಸೇರಿಸದಿದ್ದರೆ ಹೂವಿನ ರಚನೆ ಅರ್ಥವಾಗುವುದಿಲ್ಲ. ಬೆಣ್ಣೆಹಣ್ಣಿನ ಪ್ರತಿಯೊಂದು ಹೂವೂ ಎರಡು ಸಲ ಅರಳುತ್ತದೆ. ಮೊದಲ ಸಲ ಅರಳಿದಾಗ ಅದು ಹೆಣ್ಣು: ಶಲಾಕಾಗ್ರ ಬೆಳ್ಳಗೆ ತೇವವಾಗಿ ಪರಾಗವನ್ನು ಸ್ವೀಕರಿಸಲು ಸಿದ್ಧವಾಗಿರುತ್ತದೆ, ಕೇಸರಗಳು ಎಸಳುಗಳ ಜೊತೆ ಹೊರಕ್ಕೆ ಬಾಗಿ ಮಲಗಿರುತ್ತವೆ, ಅವುಗಳ ಕದಗಳು ಮುಚ್ಚಿರುತ್ತವೆ. ಕೆಲವು ಗಂಟೆಗಳ ಬಳಿಕ ಹೂವು ಮುಚ್ಚಿಕೊಂಡು, ಮರುದಿನ ಮತ್ತೆ ಅರಳಿದಾಗ ಗಂಡಾಗಿರುತ್ತದೆ: ಕೇಸರದಂಡಗಳು ಉದ್ದವಾಗಿ ನೆಟ್ಟಗೆ ನಿಂತು ಕದಗಳನ್ನು ತೆರೆಯುತ್ತವೆ, ಶಲಾಕಾಗ್ರ ಕಂದಿ ಒಣಗಿರುತ್ತದೆ. ಬಂಜೆ ಎಂಬ ಹೆಸರು ಹೊತ್ತ ಒಳಸುತ್ತಿನ ಮೂರು ಕೇಸರಗಳ ಉಪಯೋಗ ತಿಳಿಯುವುದು ಈ ಎರಡು ಹಂತಗಳನ್ನು ಹೋಲಿಸಿದಾಗಲೇ. ಹೆಣ್ಣು ಹಂತದಲ್ಲಿ ಮಕರಂದವನ್ನು ಒಸರಿಸುವುದು ಅವು. ಗಂಡು ಹಂತದಲ್ಲಿ ಆ ಕೆಲಸವನ್ನು ಮೂರನೆಯ ಸುತ್ತಿನ ಆರು ಗ್ರಂಥಿಗಳು ವಹಿಸಿಕೊಳ್ಳುತ್ತವೆ. ಪರಾಗವೇ ಇಲ್ಲದ ಹೆಣ್ಣು ಹೂವಿಗೆ ಕೀಟ ಏಕೆ ಬರಬೇಕು ಎಂಬ ಪ್ರಶ್ನೆಗೆ ಉತ್ತರವನ್ನು ಒದಗಿಸುವ ಅಂಗವನ್ನು ವಿಕಾಸದ ಅವಶೇಷವೆಂದು, ನಿರುಪಯುಕ್ತವೆಂದು ಬರೆದ ಹಳೆಯ ವಿವರಣೆಗಳು ತಪ್ಪಾಗಿದ್ದವೆಂದೇ ಹೇಳಬೇಕು.

ಒಂದೊಂದು ಹೂವೂ ತನ್ನಿಷ್ಟದಂತೆ ಹೀಗೆ ಬದಲಾಗುತ್ತಿದ್ದರೆ ಅದರಲ್ಲಿ ಅಷ್ಟೇನೂ ವಿಶೇಷವಿರುತ್ತಿರಲಿಲ್ಲ. ಇಲ್ಲಿ ಇಡೀ ಮರದ ಹೂವುಗಳು ಒಂದೇ ವೇಳಾಪಟ್ಟಿಗೆ ಬದ್ಧವಾಗಿರುತ್ತವೆ. ಆ ವೇಳಾಪಟ್ಟಿಗೆ ಅನುಗುಣವಾಗಿ ಮರಗಳಲ್ಲಿ ಎ ಮತ್ತು ಬಿ ಎಂಬ ಎರಡು ಮಾದರಿಗಳಿವೆ; ಮೇಲೆ ಹೇಳಿದ ಜೀನುಗಳ ಗುಂಪುಗಳಿಗೂ ಈ ಹೆಸರುಗಳಿಗೂ ಸಂಬಂಧವಿಲ್ಲ. ಎ ಮಾದರಿಯ ಮರಗಳಲ್ಲಿ ಹೂವುಗಳು ಬೆಳಗ್ಗೆ ಹೆಣ್ಣಾಗಿ ಅರಳಿ ಮಧ್ಯಾಹ್ನದ ಹೊತ್ತಿಗೆ ಮುಚ್ಚಿಕೊಂಡು, ಮರುದಿನ ಮಧ್ಯಾಹ್ನದ ಮೇಲೆ ಗಂಡಾಗಿ ತೆರೆದುಕೊಳ್ಳುತ್ತವೆ. ಬಿ ಮಾದರಿಯ ಮರಗಳಲ್ಲಿ ಮಧ್ಯಾಹ್ನ ಹೆಣ್ಣಾಗಿ ಅರಳಿ ಸಂಜೆಗೆ ಮುಚ್ಚಿ, ಮರುದಿನ ಬೆಳಗ್ಗೆ ಗಂಡಾಗುತ್ತವೆ. ಬೆಳಗ್ಗೆ ಎ ಮರದಲ್ಲಿ ಹೆಣ್ಣು, ಬಿ ಮರದಲ್ಲಿ ಗಂಡು. ಮಧ್ಯಾಹ್ನ ಇದು ಅದಲುಬದಲಾಗುತ್ತದೆ. ಒಂದೇ ಹೂವಿನಲ್ಲಿ ಎರಡೂ ಬಗೆಯ ಅಂಗಗಳಿದ್ದರೂ ಸ್ವಪರಾಗಸ್ಪರ್ಶಕ್ಕೆ ಆಸ್ಪದ ಕಡಿಮೆಯಾಗಿ, ಪಕ್ಕದ ಬೇರೆ ಮಾದರಿಯ ಮರದಿಂದ ಪರಾಗ ಬರುವ ಸಂಭವ ಹೆಚ್ಚುತ್ತದೆ. ಬೆಣ್ಣೆಹಣ್ಣಿನ ಹೂವಿನ ಈ ನಡವಳಿಕೆಯನ್ನು 1922ರಲ್ಲಿ ಬಿ. ಎಸ್. ನಿರೋಡಿ ಎಂಬುವರು ಅಮೆರಿಕದ ಫ್ಲಾರಿಡಾದಲ್ಲಿ ಮಾಡಿದ ವೀಕ್ಷಣೆಗಳನ್ನು ಆಧರಿಸಿ ವರದಿ ಮಾಡಿದರು, ಮರುವರ್ಷ ಎ. ಬಿ. ಸ್ಟೌಟ್ ಕ್ಯಾಲಿಫೋರ್ನಿಯಾದ ತೋಟಗಳಲ್ಲಿ ನಡೆಸಿದ ವಿಸ್ತಾರವಾದ ಅಧ್ಯಯನ ಪ್ರಕಟವಾಯಿತು. ದಾಲ್ಚಿನ್ನಿಯಲ್ಲಿಯೂ ಇಂಥದೇ ಎರಡು ಮಾದರಿಯ ಮರಗಳಿರುವುದು ಮುಂದೆ ತಿಳಿದುಬಂದಿತು. ಈ ವೇಳಾಪಟ್ಟಿ ಉಷ್ಣಾಂಶವನ್ನು ಅವಲಂಬಿಸಿದೆ. ಹವೆ ತಂಪಾದಾಗ ಹೂವು ಅರಳುವುದೂ ಮುಚ್ಚುವುದೂ ತಡವಾಗಿ, ಒಂದೇ ಮರದಲ್ಲಿ ಹೆಣ್ಣು ಗಂಡು ಹಂತಗಳು ಕೆಲಕಾಲ ಒಟ್ಟಿಗೆ ಕಾಣಿಸಿಕೊಳ್ಳುವುದುಂಟು.

ಕುಟುಂಬದ ಎಲ್ಲ ಮರಗಳೂ ಈ ಉಪಾಯವನ್ನೇ ಅನುಸರಿಸುವುದಿಲ್ಲ. ಲಿಟ್ಸಿಯಾ, ಆಕ್ಟಿನೋಡ್ಯಾಫ್ನೆ, ನಿಯೊಲಿಟ್ಸಿಯಾ ಮುಂತಾದವುಗಳಲ್ಲಿ ಗಂಡು ಮರವೇ ಬೇರೆ, ಹೆಣ್ಣು ಮರವೇ ಬೇರೆ. ಲಿಟ್ಸಿಯಾದಲ್ಲಿ ದೂರದಿಂದ ಒಂದು ಹೂವಿನಂತೆ ಕಾಣುವುದು ವಾಸ್ತವವಾಗಿ ನಾಲ್ಕರಿಂದ ಆರು ಸಣ್ಣ ಪೊರೆಯೆಲೆಗಳು ಸುತ್ತುವರಿದ ಹೂಗಳ ಗೊಂಚಲು. ಗ್ರೀಕರೂ ರೋಮನರೂ ವಿಜೇತರ ತಲೆಗೆ ಕಟ್ಟಿದ ಲಾರೆಲ್ ಮರದಲ್ಲಿಯೂ ಗಂಡು ಹೆಣ್ಣು ಬೇರೆಯಾಗಿದ್ದು, ಅಲ್ಲಿ ಮೂರರ ಬದಲು ಎರಡರ ಲೆಕ್ಕ ನಡೆಯುತ್ತದೆ: ಎಸಳುಗಳು ನಾಲ್ಕೇ. ಕುಟುಂಬಕ್ಕೆ ಹೆಸರು ಕೊಟ್ಟ ಮರವೇ ಕುಟುಂಬದ ಸಾಮಾನ್ಯ ನಿಯಮವನ್ನು ಮೀರಿರುವುದು ಸ್ವಾರಸ್ಯಕರ. ಇದಕ್ಕೆ ತದ್ವಿರುದ್ಧವಾಗಿ, ಎಲೆಯಿಲ್ಲದೆ ದಾರದಂತೆ ಹಬ್ಬಿ ಬೇರೆ ಗಿಡಗಳ ರಸವನ್ನು ಹೀರುವ ಕಸೈಥ, ಅಂದರೆ ಕನ್ನಡನಾಡಿನ ಕರಾವಳಿಯಲ್ಲಿಯೂ ಕಾಣುವ ಪರಾವಲಂಬಿ ಆಕಾಶಬಳ್ಳಿ, ಮೈಯೆಲ್ಲ ಬದಲಾಗಿದ್ದರೂ ಆರು ಎಸಳು, ಒಂಬತ್ತು ಕೇಸರ, ಕದ ತೆರೆಯುವ ಪರಾಗಕೋಶಗಳನ್ನು ಹಾಗೆಯೇ ಉಳಿಸಿಕೊಂಡಿದೆ. ಹೂವನ್ನು ನೋಡದಿದ್ದರೆ ಅದು ದಾಲ್ಚಿನ್ನಿಯ ಬಂಧುವೆಂದು ಯಾರೂ ಒಪ್ಪುವಂತಿಲ್ಲ.

ಹೂವು ಫಲಿಸಿದ ಮೇಲೆ ಅದರ ಬುಡದ ಭಾಗ ಏನಾಗುತ್ತದೆಂಬುದು ಕಾಡಿನಲ್ಲಿ ಮರಗಳನ್ನು ಗುರುತಿಸುವವರಿಗೆ ಬಹಳ ಉಪಯುಕ್ತವಾದ ಸಂಗತಿ. ಎಸಳು ಮತ್ತು ಕೇಸರಗಳ ಬುಡಗಳು ಕೂಡಿ ಅಂಡಾಶಯದ ಸುತ್ತ ಒಂದು ಬಟ್ಟಲನ್ನು ರಚಿಸಿರುತ್ತವೆ. ದಾಲ್ಚಿನ್ನಿಯಲ್ಲಿ ಆ ಬಟ್ಟಲು ಬೆಳೆದು ಗಟ್ಟಿಯಾಗಿ ಹಣ್ಣಿನ ಕೆಳಭಾಗವನ್ನು ಹಿಡಿದುಕೊಳ್ಳುತ್ತದೆ; ಅದರ ಅಂಚಿನಲ್ಲಿ ಎಸಳುಗಳ ಬುಡಗಳು ಹಲ್ಲಿನಂತೆ ಉಳಿದಿರುತ್ತವೆ. ಕಾಡುದಾಲ್ಚಿನ್ನಿಯಿಂದ ಕೊಯ್ದು ಒಣಗಿಸಿ ಮೊಗ್ಗು ಎಂದು ಮಾರುವ ಸಾಂಬಾರ ಪದಾರ್ಥ ಈ ಬಟ್ಟಲಿನೊಳಗಿನ ಎಳೆಗಾಯಿಯೇ ಹೊರತು ಅರಳದ ಹೂವಲ್ಲ. ಗುಳಮಾವಿನಲ್ಲಿ ಬಟ್ಟಲು ಬೆಳೆಯುವುದಿಲ್ಲ. ಆರೂ ಎಸಳುಗಳು ಉದುರದೆ ಹಣ್ಣಿನ ಕೆಳಗೆ ಹಿಂದಕ್ಕೆ ಬಾಗಿ ನಿಂತಿರುತ್ತವೆ. ಫೀಬಿ ಮರದಲ್ಲಿ ಅದೇ ಎಸಳುಗಳು ಮೇಲ್ಮುಖವಾಗಿ ಹಣ್ಣಿನ ಬುಡವನ್ನು ಬಿಗಿಯಾಗಿ ಅಪ್ಪಿಕೊಂಡಿರುತ್ತವೆ. ಕ್ರಿಪ್ಟೋಕಾರ್ಯದಲ್ಲಿ ಬಟ್ಟಲು ಮೇಲಕ್ಕೆ ಬೆಳೆದು ಹಣ್ಣನ್ನು ಪೂರ್ತಿ ನುಂಗಿಬಿಡುತ್ತದೆ. ಹೂವು ಸಿಗದ ಕಾಲದಲ್ಲಿ ನೆಲಕ್ಕೆ ಬಿದ್ದ ಒಂದು ಹಣ್ಣಿನ ತೊಟ್ಟನ್ನು ನೋಡಿಯೇ ಜಾತಿಯನ್ನು ಊಹಿಸಬಹುದಾದ ಸೌಕರ್ಯವನ್ನು ಈ ವ್ಯತ್ಯಾಸಗಳು ಒದಗಿಸುತ್ತವೆ. ಹಣ್ಣಿನೊಳಗಿನ ಬೀಜದಲ್ಲಿ ಭ್ರೂಣಕ್ಕೆ ಪ್ರತ್ಯೇಕ ಆಹಾರದ ಪದರವಿಲ್ಲ. ಬೆಣ್ಣೆಹಣ್ಣಿನ ದಪ್ಪ ಬೀಜವನ್ನು ಹೋಳು ಮಾಡಿದರೆ ಕಾಣುವ ಎರಡು ಭಾಗಗಳು ಆಹಾರವನ್ನು ತುಂಬಿಕೊಂಡ ಬೀಜದಳಗಳೇ.

ಪರಾಗಕೋಶದ ಕದಗಳು ಎರಡೋ ನಾಲ್ಕೋ ಎಂಬುದನ್ನು ಹತ್ತೊಂಬತ್ತನೆಯ ಶತಮಾನದಿಂದಲೂ ವರ್ಗೀಕರಣಕಾರರು ಜಾತಿಗಳನ್ನು ಬೇರ್ಪಡಿಸುವ ಮುಖ್ಯ ಲಕ್ಷಣವೆಂದು ನಂಬಿದ್ದರು. ಡಿಎನ್‌ಎ ಹೋಲಿಕೆಯಿಂದ ವಂಶಾವಳಿಯನ್ನು ಕಟ್ಟುವ ಕೆಲಸ ಆರಂಭವಾದ ಮೇಲೆ, ಈ ಬದಲಾವಣೆ ಬೇರೆಬೇರೆ ಕವಲುಗಳಲ್ಲಿ ಮತ್ತೆ ಮತ್ತೆ ಆಗಿರುವುದರಿಂದ ಅದರ ಮೇಲೆ ಅಷ್ಟು ಭಾರ ಹಾಕುವಂತಿಲ್ಲವೆಂದು ಗೊತ್ತಾಗಿದೆ. ಹೂವಿನ ಮೂಲ ವಿನ್ಯಾಸ ಮಾತ್ರ ಬಹಳ ಹಳೆಯದು. ಅಮೆರಿಕದ ಮೇರಿಲ್ಯಾಂಡಿನಲ್ಲಿ ಇದ್ದಿಲಿನ ರೂಪದಲ್ಲಿ ಉಳಿದ, ಸುಮಾರು ಒಂಬತ್ತೂವರೆಯಿಂದ ಹತ್ತು ಕೋಟಿ ವರ್ಷ ಹಳೆಯದಾದ ಹೂವುಗಳನ್ನು 1990ರಲ್ಲಿ ಮಾಲ್ಡಿನಿಯಾ ಎಂಬ ಹೆಸರಿನಲ್ಲಿ ವರ್ಣಿಸಲಾಯಿತು. ಆರು ಎಸಳು, ಒಂಬತ್ತು ಕೇಸರ, ಬುಡದ ಗ್ರಂಥಿಗಳು, ಮೇಲಕ್ಕೆ ತೆರೆಯುವ ಕದಗಳು, ಒಳಗಿನ ಬಂಜೆ ಕೇಸರಗಳು ಆಗಲೇ ಇದ್ದವು. ಈ ಕುಟುಂಬದ ಪರಾಗರೇಣುವಿನ ಹೊರಗೋಡೆ ಅತ್ಯಂತ ತೆಳುವಾದುದರಿಂದ ಅದು ಶಿಲೆಗಳಲ್ಲಿ ಉಳಿಯುವುದು ತೀರ ಅಪರೂಪ. ಹೀಗಾಗಿ ಈ ಮರಗಳ ಪ್ರಾಚೀನತೆಗೆ ಸಾಕ್ಷಿಯಾಗಿ ಸಿಕ್ಕಿದ ಕೆಲವೇ ಕೆಲವು ಸುಟ್ಟ ಹೂವುಗಳಿಗೆ ಇಷ್ಟು ಬೆಲೆ.

ಹೂವಿನ ವೇಳಾಪಟ್ಟಿಯ ತಿಳಿವಳಿಕೆ ಕರ್ನಾಟಕದ ಬೆಳೆಗಾರರಿಗೆ ಈಗ ನೇರವಾಗಿ ಬೇಕಾಗಿದೆ. ಬೆಣ್ಣೆಹಣ್ಣಿನ ಒಂದು ದೊಡ್ಡ ಮರ ಹತ್ತು ಲಕ್ಷದಷ್ಟು ಹೂವು ಬಿಟ್ಟರೂ ಅದರಲ್ಲಿ ಕಾಯಾಗಿ ನಿಲ್ಲುವುದು ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ. ಕೊಡಗಿನ ಕಾಫಿ ತೋಟಗಳಲ್ಲಿ ಬೀಜದಿಂದ ಬೆಳೆದ ಮರಗಳು ಹೆಚ್ಚಾಗಿದ್ದ ಕಾಲದಲ್ಲಿ ಎ ಮತ್ತು ಬಿ ಮಾದರಿಗಳು ತಾವಾಗಿಯೇ ಬೆರೆತಿರುತ್ತಿದ್ದುದರಿಂದ ಈ ಲೆಕ್ಕವನ್ನು ಯಾರೂ ಇಡಬೇಕಾಗಿರಲಿಲ್ಲ. ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದಿಂದ ಅರ್ಕಾ ಸುಪ್ರೀಂ, ಅರ್ಕಾ ಕೂರ್ಗ್ ರವಿ ತಳಿಗಳು ಬಂದಿವೆ; 1935ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಹಾಸ್ ತಳಿಯ ಕಸಿ ಗಿಡಗಳೂ ಇಲ್ಲಿನ ತೋಟಗಳನ್ನು ಸೇರುತ್ತಿವೆ. ಕಸಿ ಗಿಡಗಳೆಲ್ಲವೂ ತಾಯಿಮರದ ವೇಳಾಪಟ್ಟಿಯನ್ನೇ ಅನುಸರಿಸುವುದರಿಂದ, ಒಂದೇ ತಳಿಯಿಂದ ತುಂಬಿದ ತೋಟದಲ್ಲಿ ಬಿಸಿಲಿನ ದಿನದ ಬೆಳಗ್ಗೆ ಎಲ್ಲ ಮರಗಳೂ ಹೆಣ್ಣಾಗಿ ನಿಂತು ಪರಾಗ ಕೊಡುವ ಮರವೇ ಇಲ್ಲದಂತಾಗಬಹುದು. ಹಾಸ್ ಎ ಮಾದರಿಯದು. ಫ್ಯುಯರ್ಟೆ, ಎಟ್ಟಿಂಗರ್, ಬೇಕನ್, ಜುಟಾನೊ ತಳಿಗಳು ಬಿ ಮಾದರಿಯವು. ಹೊಸದಾಗಿ ಬೆಣ್ಣೆಹಣ್ಣಿನ ತೋಟ ಮಾಡುವವರು ಸಸಿ ಕೊಳ್ಳುವಾಗ ತಳಿಯ ಹೆಸರಿನ ಜೊತೆಗೆ ಅದರ ಹೂವಿನ ಮಾದರಿಯನ್ನೂ ನರ್ಸರಿಯವರಿಂದ ಕೇಳಿ ತಿಳಿದುಕೊಂಡು, ಎರಡೂ ಮಾದರಿಯ ಮರಗಳನ್ನು ಸಾಲುಗಳ ನಡುವೆ ಬೆರೆಸಿ ನೆಡುವುದು ಒಳ್ಳೆಯದು.